ಮಗನನ್ನು ಬಿಟ್ಟು ಬಂದ ಊರು

ಹೈದರಾಬಾದಿನಿಂದ ಬಂದ ಮೇಲೆ ಓಣಿಯ ಹೆಂಗಸರು, ನಮ್ಮ ಶಾಲೆಯ ಟೀಚರುಗಳು, ಎಲ್ಲರೂ ಕೇಳಿದ್ದು ಒಂದೇ: ಏನೇನು ನೋಡಿದಿರಿ? ಚಾರ್‌ಮಿನಾರ್ ನೋಡಲಿಲ್ಲ. ಗೋಲ್ಕೊಂಡ ನೋಡಲಿಲ್ಲ. ಮುತ್ತಿನ ಸರ ತರಲಿಲ್ಲ. ಹದಿಮೂರು ವರ್ಷದ ನನ್ನ ಮಗ ಅಭಿಷೇಕನನ್ನು ಅಲ್ಲೊಂದು ಮನೆಯಲ್ಲಿ ಬಿಟ್ಟು ಬರಲು ಹೋಗಿದ್ದೆ. ಸಿಟ್ಟು, ಭಯ, ದುಃಖ ಕೈಮೀರಿದ ಮಕ್ಕಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಚಿಕಿತ್ಸೆ ಕೊಡುವ, ಅವರ ಹೆತ್ತವರಿಗೂ ಒಂದಿಷ್ಟು ಕಲಿಸಿ ಕಳಿಸುವ ಮನೆ ಅದು. ಆ ಊರಿನಲ್ಲಿ ನಾನು ಕಂಡದ್ದಿಷ್ಟನ್ನು ಇಲ್ಲಿ ಬರೆಯುತ್ತೇನೆ.

ವಾಡಿ ದಾಟಿದ ಮೇಲೆ

ಕಲಬುರಗಿಯಿಂದ ಬೆಳಗಿನ ಗಾಡಿಗೆ ಹೊರಟವರು ಮೂವರು: ನಾನು, ಅಭಿ ಮತ್ತು ನನ್ನ ಮಾವನವರು. ಅಭಿ ಅವರನ್ನು ಮುತ್ಯಾ ಎನ್ನುತ್ತಾನೆ. ನನ್ನ ಗಂಡ ಮನೆಯಲ್ಲೇ ಉಳಿದರು. ಆರು ವರ್ಷದ ಮಗಳು ಶ್ರೇಯಾಳ ಹುಬ್ಬಿನ ಮೇಲೆ ಇನ್ನೂ ಹೊಲಿಗೆಯಿತ್ತು. ಅವಳ ಹತ್ತಿರ ಒಬ್ಬರು ಇರಲೇಬೇಕಿತ್ತು.

ಆ ಗಾಯ ಮಾಡಿದ್ದು ಅಭಿ. ಟಿ.ವಿ. ಬಂದ್ ಮಾಡು ಎಂದದ್ದಕ್ಕೆ ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆ ಎಸೆದ. ಎಸೆದದ್ದು ನನ್ನ ಮೇಲೆ, ತಗುಲಿದ್ದು ತಂಗಿಗೆ. ರಕ್ತ ಕಂಡ ಕೂಡಲೇ ಅಡುಗೆಮನೆಗೆ ಓಡಿ ಅರಿಷಿಣದ ಡಬ್ಬಿ ತಂದವನೂ ಅವನೇ. ಮುಚ್ಚಳ ತೆಗೆಯುವ ಗಡಿಬಿಡಿಯಲ್ಲಿ ಅರಿಷಿಣವೆಲ್ಲ ನೆಲಕ್ಕೆ ಚೆಲ್ಲಿತು.

ಹೀಗೆ ಎರಡು ವರ್ಷ ನಡೆದಿತ್ತು. ನನ್ನ ಮಗ ನನ್ನನ್ನು ಹೊಡೆಯುತ್ತಿದ್ದ. ಈ ವಾಕ್ಯವನ್ನು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಬೇಸಿಗೆಯಲ್ಲೂ ಉದ್ದ ತೋಳಿನ ಕುಪ್ಪಸ ಹಾಕಿಕೊಂಡು ನಾನು ಶಾಲೆಗೆ ಹೋಗುತ್ತಿದ್ದೆ. ಸಿಟ್ಟು ಇಳಿದ ಮೇಲೆ ಅವನು ನನ್ನ ಕಾಲ ಹತ್ತಿರ ಕೂತು ಅಳುತ್ತಿದ್ದ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ. ಮುಂದೆ ಅವನೇ ಓದಬಹುದಾದ ಬರಹದಲ್ಲಿ ಅದನ್ನು ಬರೆಯಲಾರೆ. ಗುಳಿಗೆ ಕೊಟ್ಟರು. ನಾವು ದರ್ಗಾಕ್ಕೂ ಹೋದೆವು, ಮಠಕ್ಕೂ ಹೋದೆವು. ಕೊನೆಗೆ ಆ ಡಾಕ್ಟರೇ ಈ ಮನೆಯ ವಿಳಾಸ ಕೊಟ್ಟರು.

ಆ ಮನೆಯವರು ಫೋನಿನಲ್ಲಿ ಒಂದು ಮಾತು ಹೇಳಿದ್ದರು: ಏನೇ ಆಗಲಿ, ಸುಳ್ಳು ಹೇಳಿ ಮಗುವನ್ನು ಕರೆತರಬೇಡಿ. ಹೊರಡುವ ಮೊದಲೇ ಅಭಿಗೆ ಎಲ್ಲ ಹೇಳಿದ್ದೆ. ಅವನು ಗೋಡೆ ನೋಡುತ್ತ ಕೇಳಿಸಿಕೊಂಡು, "ಮುತ್ಯಾ ಬರ್ತಾನೇನು?" ಎಂದಷ್ಟೇ ಕೇಳಿದ್ದ. ಮುತ್ಯಾನ ಮೇಲೆ ಅವನು ಒಂದು ದಿನವೂ ಕೈ ಎತ್ತಿದವನಲ್ಲ.

ಮಾವನವರಿಗೆ ಈ ಪ್ರಯಾಣ ಸುತರಾಂ ಇಷ್ಟವಿರಲಿಲ್ಲ. "ಕೂಸದು. ಬೆಳದಂಗ ತಾನ ತಿಳೀತೈತಿ. ಮಕ್ಕಳನ್ನ ಒಯ್ದು ಬ್ಯಾರೆ ಕಡೆ ಬಿಡೂದು ನಮ್ಮ ಮನಿತನದಾಗ ಇಲ್ಲ," ಎಂದಿದ್ದರು. ಆದರೂ ಮೊಮ್ಮಗ ಕರೆದನೆಂದು ಧೋತರ ಉಟ್ಟು, ಕರಿ ಟೊಪ್ಪಿಗೆ ಹಾಕಿಕೊಂಡು ಹೊರಟಿದ್ದರು.

ರೈಲಿನಲ್ಲಿ ಅಭಿಯನ್ನು ನೋಡಿದವರು ಇಂಥ ಮಗ ನಮಗಿರಬಾರದೇ ಅನ್ನುವಂತಿದ್ದ. ಎದುರಿನ ಮುದುಕಿಗೆ ಕಿಟಕಿ ಬಿಟ್ಟುಕೊಟ್ಟ. ಆಕೆ "ಬಂಗಾರಂ" ಎಂದು ಅವನ ಗಲ್ಲ ಹಿಡಿದಳು. ವಾಡಿ, ಸೇಡಂ ದಾಟಿ ತಾಂಡೂರು ಬಂದಾಗ ಹಳಿಯ ಪಕ್ಕ ಒಟ್ಟಿದ್ದ, ನೆಲಕ್ಕೆ ಹಾಸುವ ಫರ್ಸಿ ಕಲ್ಲುಗಳನ್ನು ಮಾವನವರು ಮೊಮ್ಮಗನಿಗೆ ತೋರಿಸಿದರು. ಜೀವಮಾನವೆಲ್ಲ ಶಹಾಬಾದಿ ಕಲ್ಲಿನ ವ್ಯಾಪಾರ ಮಾಡಿದವರು ಅವರು.

"ಇಲ್ಲಿಂದ ಪರದೇಶ ಶುರುವಾತೇನು ಮುತ್ಯಾ?" ಎಂದ ಅಭಿ.

"ಯಾವ ಪರದೇಶಪ? ನಮ್ಮಪ್ಪನ ಕಾಲಕ್ಕ ಹೈದರಾಬಾದ ನಮ್ಮ ರಾಜಧಾನಿ. ಕಲ್ಲು ಮಾತ್ರ ನಮ್ಮದು ಚೊಲೊ. ಇವರದು ನೋಡು, ಹಳದಿ ಹೊಡಿತೈತಿ."

ನಾನು ಕೈ ತೊಳೆದು ಬರುವಷ್ಟರಲ್ಲಿ ಅಜ್ಜ ಮೊಮ್ಮಗ ಇಬ್ಬರೂ ನಗುತ್ತಿದ್ದರು. ಏನು ಮಾತಾಡಿಕೊಂಡರೆಂದು ಕೇಳಲಿಲ್ಲ. ನಗು ಕಂಡದ್ದೇ ಸಾಕೆನಿಸಿತ್ತು.

ನಾರಾಯಣಗೂಡ

ರಾತ್ರಿ ತಂಗಿದ್ದು ನಾರಾಯಣಗೂಡದಲ್ಲಿ, ನನ್ನ ಗಂಡನ ದೊಡ್ಡಪ್ಪನ ಮಗಳು ಶಾಂತಕ್ಕನ ಮನೆಯಲ್ಲಿ. ಅವರ ಯಜಮಾನರಿಗೆ ಬಟ್ಟೆ ಅಂಗಡಿ. ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ಬಾಗಿಲ ಹೊರಗೆ ತೆಲುಗು, ಫೋನಿನಲ್ಲಿ ಹಿಂದಿ, ಒಲೆಯ ಮುಂದೆ ನಮ್ಮ ಕನ್ನಡ. ಒಂದೇ ಉಸಿರಿನಲ್ಲಿ ಹಾಲಿನವನನ್ನು ತೆಲುಗಿನಲ್ಲಿ ಬೈದು, ನಮ್ಮತ್ತ ತಿರುಗಿ "ಕಾಲ್ ತೊಳ್ಕೊಂಡು ಬರ್ರಿ" ಎಂದರು.

ಆ ಓಣಿಯ ತುಂಬ ಕಾಲೇಜು, ಕೋಚಿಂಗ್ ಸೆಂಟರು. ಗೋಡೆಗಳ ಮೇಲೆಲ್ಲ ರ‍್ಯಾಂಕ್ ಬಂದ ಮಕ್ಕಳ ಮುಖ. ನಮ್ಮೂರಲ್ಲಿ ಚುನಾವಣೆಗೆ ನಿಂತವರ ಮುಖ ಹಾಕುವಷ್ಟು ದೊಡ್ಡದಾಗಿ ಇಲ್ಲಿ ಹುಡುಗ ಹುಡುಗಿಯರ ಮುಖ ಹಾಕುತ್ತಾರೆ. ಅಭಿ ಒಂದೊಂದನ್ನೂ ನಿಂತು ನೋಡಿದ.

ನನ್ನ ಗಂಡ ಶಾಂತಕ್ಕನಿಗೆ ಅಭಿಯನ್ನು ಕೋಚಿಂಗ್ ಹಾಸ್ಟೆಲ್ಲಿಗೆ ಹಾಕುತ್ತೇವೆಂದು ಹೇಳಿದ್ದರು. ನನಗೆ ಅದು ಗೊತ್ತಾದದ್ದು ಊಟಕ್ಕೆ ಕೂತಾಗ.

"ಯಾವ ಕೋಚಿಂಗ್ ಸೇರಾಂವ ಇದೀಯಪ? ಡಾಕ್ಟ್ರೋ ಇಂಜಿನಿಯರೋ?" ಎಂದರು ಶಾಂತಕ್ಕ, ರೊಟ್ಟಿ ಹಾಕುತ್ತ.

ಅಭಿ ತುತ್ತು ಕೆಳಗಿಟ್ಟ. "ಕೋಚಿಂಗ್ ಅಲ್ಲರಿ ಅತ್ತಿ. ನಾ ಹೊಡಿತೀನಿ. ಮಮ್ಮಿನ ಹೊಡಿತೀನಿ. ಅದಕ್ಕ ಕರ್ಕೊಂಡ ಬಂದಾರ."

ಮಾವನವರು ತಲೆ ಎತ್ತಲಿಲ್ಲ. ಶಾಂತಕ್ಕನ ಯಜಮಾನರು ನೀರಿನ ಲೋಟ ಹಿಡಿದೇ ಕುಳಿತರು. ಶಾಂತಕ್ಕ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಆಮೇಲೆ ಒಲೆಯ ಮೇಲಿಂದ ಇನ್ನೊಂದು ಬಿಸಿ ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟರು.

"ಖರೆ ಹೇಳಿದಿ. ಉಣ್ಣು," ಎಂದರು.

ಮತ್ತೆ ಆ ಮಾತು ಯಾರೂ ಎತ್ತಲಿಲ್ಲ.

ಅಮೀರ್‌ಪೇಟ್

ಮರುದಿನ ಶಾಂತಕ್ಕನ ಯಜಮಾನರು ನಮ್ಮನ್ನು ನಾಂಪಲ್ಲಿಯಲ್ಲಿ ಮೆಟ್ರೋ ಹತ್ತಿಸಿದರು. ಮಿಯಾಪುರ ಕೊನೆಯ ನಿಲ್ದಾಣ, ಎಲ್ಲೂ ಇಳಿಯಬೇಡಿ ಎಂದು ಹೇಳಿ ಹೋದರು. ಆದರೆ ಅಮೀರ್‌ಪೇಟ್ ಎಂಬ ನಿಲ್ದಾಣದಲ್ಲಿ ಇಳಿಯಬೇಕೋ ಬೇಡವೋ ಎನ್ನುವುದು ನಮ್ಮ ಕೈಯಲ್ಲಿರುವುದಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡ ಹಾಸ್ಟೆಲ್ ಹುಡುಗರು, ಕಂಪ್ಯೂಟರ್ ಕ್ಲಾಸಿನವರು ಒಟ್ಟಿಗೆ ನುಗ್ಗುತ್ತಾರೆ. ಬಾಗಿಲ ಹತ್ತಿರ ನಿಂತಿದ್ದ ಮಾವನವರು ಆ ನೂಕಿನಲ್ಲಿ ಹೊರಗೆ ಬಿದ್ದರು. ತಿರುಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ ಅವರನ್ನು ಅಲ್ಲೇ ಬಿಟ್ಟು ಗಾಡಿ ಹೊರಟಿತು.

"ಮುತ್ಯಾ! ಮುತ್ಯಾನ್ನ ಬಿಟ್ಟಿ! ಬೇಕಂತ ಬಿಟ್ಟಿ ನೀ!"

ಅಭಿಯ ಮುಖ ಬದಲಾದದ್ದು ಕಂಡಿತು. ಆ ಮುಖ ನನಗೆ ಗೊತ್ತು. ಮೊದಲ ಏಟು ಭುಜಕ್ಕೆ, ಎರಡನೆಯದು ಬಾಯಿಗೆ ಬಿತ್ತು. ತುಟಿ ಒಡೆಯಿತು. ಜನ ಸರಿದು ನಿಂತರು. ಒಬ್ಬ ಮೊಬೈಲ್ ಎತ್ತಿ ಹಿಡಿದ. ಇನ್ನೊಬ್ಬ ತನ್ನ ಗೆಳೆಯನಿಗೆ, "ಎರ್ರಗಡ್ಡ ಬರ್ತಾ ಇದೆ, ಇಳಿಸಿಬಿಡಿ," ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಆ ಹಾದಿಯಲ್ಲಿ ಎರ್ರಗಡ್ಡ ಎಂಬ ನಿಲ್ದಾಣವಿದೆ. ಹುಚ್ಚರ ಆಸ್ಪತ್ರೆ ಅಲ್ಲಿದೆಯೆಂದು ಹೈದರಾಬಾದಿನವರು ಆ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದಾರೆ. ನಮ್ಮ ಕಡೆ "ಧಾರವಾಡಕ್ಕ ಕಳಸ್ರಿ" ಅನ್ನುತ್ತೇವಲ್ಲ, ಹಾಗೆ. ಆ ಮಾತಿಗೆ ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಆಗ ಬುರ್ಖಾ ಹಾಕಿದ್ದ ವಯಸ್ಸಾದ ಹೆಂಗಸೊಬ್ಬಳು ಎದ್ದು ಬಂದಳು. ಅಭಿಯನ್ನು ಮುಟ್ಟಲಿಲ್ಲ, ನನಗೇನೂ ಹೇಳಲಿಲ್ಲ. ನಮ್ಮಿಬ್ಬರಿಗೆ ಬೆನ್ನು ಮಾಡಿ, ಜನರತ್ತ ಮುಖ ಮಾಡಿ ನಿಂತು, ಮೊಬೈಲ್ ಹಿಡಿದವನಿಗೆ, "ಬಚ್ಚಾ ಹೈ. ಫೋನ್ ಅಂದರ್ ರಖೋ," ಎಂದಳು. ಅವಳ ಮಗಳೋ ಸೊಸೆಯೋ, ಇನ್ನೊಬ್ಬಳು ಎದ್ದು ಪಕ್ಕದಲ್ಲಿ ನಿಂತಳು. ಕರಿ ಬಟ್ಟೆಯ ಒಂದು ಪರದೆ ಆಯಿತು. ಅದರ ಹಿಂದೆ ನನ್ನ ಮಗ ಸಾಕಾಗುವವರೆಗೆ ನನ್ನನ್ನು ಹೊಡೆದು, ನೆಲಕ್ಕೆ ಕೂತು ಮೊಣಕಾಲಲ್ಲಿ ಮುಖ ಮುಚ್ಚಿಕೊಂಡ.

ಮುಂದಿನ ನಿಲ್ದಾಣದಲ್ಲಿ ಇಳಿದೆವು. ಬಾಗಿಲು ಮುಚ್ಚುವ ಮೊದಲು ಆಕೆ ತನ್ನ ಕರವಸ್ತ್ರವನ್ನು ನನ್ನ ಕೈಗೆ ತುರುಕಿದಳು. ಹೆಸರು ಕೇಳಲೂ ಆಗಲಿಲ್ಲ.

ಎದುರಿನ ಗಾಡಿ ಹಿಡಿದು ಅಮೀರ್‌ಪೇಟಿಗೆ ವಾಪಸು ಬಂದೆವು. ಮಾವನವರು ಬೆಂಚಿನ ಮೇಲೆ ಕೂತಿದ್ದರು. ಹಾಸ್ಟೆಲ್ಲಿನ ಹುಡುಗರಿಬ್ಬರು ನೀರು ಕೊಟ್ಟು ಅವರ ಪಕ್ಕದಲ್ಲೇ ಕಾಯುತ್ತಿದ್ದರು. ಮಾವನವರು ನನ್ನ ತುಟಿ ನೋಡಿದರು, ಕರವಸ್ತ್ರದ ರಕ್ತ ನೋಡಿದರು.

"ಏನೂ ಆಗಿಲ್ಲ ಮಾಮಾ, ನಡೀರಿ," ಎಂದೆ.

ಅಭಿ ಹೋಗಿ ಅವರ ಕೈ ಹಿಡಿದುಕೊಂಡ. ಮಾವನವರು ಅವನ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಎಂದಿನಂತೆ ತಲೆಯನ್ನೂ ಸವರಲಿಲ್ಲ.

ಮಿಯಾಪುರದಾಚೆ

ಮಿಯಾಪುರದಲ್ಲಿ ಆಕಾಶ ನೋಡಬೇಕಾದರೆ ಕತ್ತು ಪೂರ್ತಿ ಹಿಂದಕ್ಕೆ ಬಗ್ಗಿಸಬೇಕು, ಅಷ್ಟೆತ್ತರದ ಅಪಾರ್ಟ್‌ಮೆಂಟುಗಳು. ಅವುಗಳನ್ನು ದಾಟಿ ಆಟೋ ಒಂದು ಮಣ್ಣಿನ ರಸ್ತೆಗೆ ಇಳಿಯಿತು. ಕೊನೆಯಲ್ಲಿ ಬೇವಿನ ಮರ, ಹಸಿರು ಗೇಟು, ಎರಡಂತಸ್ತಿನ ಮನೆ. ಆಸ್ಪತ್ರೆಯ ವಾಸನೆ ಇರಲಿಲ್ಲ. ಒಗ್ಗರಣೆಯ ವಾಸನೆ ಇತ್ತು. ಮೇಲಿನಿಂದ ಯಾವುದೋ ಮಗು ಕಿರುಚುತ್ತಿತ್ತು. ಅಂಗಳದಲ್ಲಿ ಕೇರಂ ಆಡುತ್ತಿದ್ದ ಮಕ್ಕಳು ಅದಕ್ಕೆ ತಲೆ ಕೂಡ ಎತ್ತಲಿಲ್ಲ. ಮಾವನವರು ಅಭ್ಯಾಸಬಲದಿಂದ ಕಾಲಡಿ ನೋಡಿ, "ತಾಂಡೂರ ಕಲ್ಲು," ಎಂದರು.

ಮಕ್ಕಳ ಜೊತೆ, ಹೆತ್ತವರ ಜೊತೆ ಮಾತಾಡುವ ಕೆಲಸ ಸರಳಾ ಮೇಡಂ ಎಂಬುವರದು. ತೆಲುಗಿನವರು, ನಮ್ಮೊಂದಿಗೆ ಹೈದರಾಬಾದಿ ಹಿಂದಿಯಲ್ಲಿ ಮಾತಾಡಿದರು. ಕಲಬುರಗಿಯವರಿಗೆ ಅದು ಕಷ್ಟವಲ್ಲ. ಮಾವನವರಂತೂ ಚಿಕ್ಕಂದಿನಲ್ಲಿ ಉರ್ದು ಓದಿದವರು. ನನ್ನ ತುಟಿ ನೋಡಿ ಮೇಡಂ ಒಂದು ಬಟ್ಟಲಲ್ಲಿ ಮಂಜುಗಡ್ಡೆ ತರಿಸಿಕೊಟ್ಟರು. ನನಗಿಂತ ಮೊದಲು ಅಭಿಯನ್ನೇ ಮಾತಾಡಿಸಿದರು.

"ನೀನು ಇಲ್ಲಿಗೆ ಯಾಕೆ ಬಂದೆ ಅಂತ ಯಾರಾದರೂ ಹೇಳಿದ್ದಾರಾ?"

"ನೋಡ್ಕೊಂಡು ಹೋಗಾಕ," ಎಂದ ಅಭಿ. "ಮುತ್ಯಾ ಹೇಳ್ಯಾನ. ಮನಸ್ಸಿಗೆ ಬರಲಿಲ್ಲಂದ್ರ ನಾಳಿ ನಾ ಅವನ ಜೋಡಿ ವಾಪಸ್."

ರೈಲಿನಲ್ಲಿ ಇಬ್ಬರೂ ನಕ್ಕದ್ದು ಯಾಕೆಂದು ಆಗ ತಿಳಿಯಿತು. ಮೇಡಂ ಅರ್ಥ ಕೇಳಿದರು, ನಾನು ಹಿಂದಿಯಲ್ಲಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕುರ್ಚಿಯನ್ನು ಮಾವನವರ ಹತ್ತಿರ ಎಳೆದುಕೊಂಡು, "ದಾದಾಜಿ, ಈ ಮಾತು ನೀವೇ ಕೊಟ್ಟಿದ್ದೀರಿ. ಹಿಂದಕ್ಕೂ ನೀವೇ ತಗೋಬೇಕು. ನಾವು ಹೇಳಿದರೆ ಅವನಿಗೆ ನಾವೂ ಶತ್ರು, ಅವನ ತಾಯಿಯೂ ಶತ್ರು," ಎಂದರು.

ಮಾವನವರು ನನ್ನತ್ತ ನೋಡಿದರು. ನಾನೇ ಹೇಳಿಬಿಡಬಹುದಿತ್ತು. ಆದರೆ ಮಂಜುಗಡ್ಡೆಯನ್ನು ತುಟಿಗೆ ಒತ್ತಿಕೊಂಡು ಕೂತೆ.

"ಅಭಿ," ಎಂದರು ಅವರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಾಳಿ ಅಲ್ಲಪ. ನಾಳಿ ನೀ ಬರಂಗಿಲ್ಲ. ನಾ ಹಂಗ ಹೇಳಬಾರದಿತ್ತು. ಇಲ್ಲೇ ಇರಬೇಕು ನೀ. ಎಷ್ಟು ದಿನ ಅಂತ ನನಗ ಗೊತ್ತಿಲ್ಲ."

ಅಭಿ ಹೊಡೆಯಲಿಲ್ಲ, ಕೂಗಲಿಲ್ಲ. ಮುತ್ಯಾನ ಪಕ್ಕದಿಂದ ಎದ್ದು, ಕೋಣೆಯ ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಮುದುಕರು ಆ ಬೆನ್ನನ್ನು ನೋಡುತ್ತಲೇ ಇದ್ದರು.

ಹೊರಗೆ ಬಂದಾಗ ನನಗೆ ಒಂದೇ ಮಾತು ಹೇಳಿದರು: "ನನ್ನ ಬಾಯಿಲೇ ಹೇಳಿಸಿದಿ." ಅದಾದ ಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ.

ಪೋಷಕರ ಕೋಣೆ

ಹೊಸದಾಗಿ ಮಗುವನ್ನು ತಂದವರು ಕೆಲವು ದಿನ ಅಲ್ಲೇ ಉಳಿಯಬೇಕು. ಕೆಳಗೆ ನಮಗೊಂದು ಕೋಣೆ, ಮಕ್ಕಳು ಮೇಲೆ. ಸಂಜೆ ಹೆತ್ತವರೆಲ್ಲ ಚಾಪೆಯ ಮೇಲೆ ದುಂಡಗೆ ಕೂರುತ್ತಿದ್ದೆವು. ಮಾವನವರು ಒಳಗೆ ಬರುತ್ತಿರಲಿಲ್ಲ, ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಅಲ್ಲಿ ನನಗೆ ಸಿಕ್ಕವಳು ಮಲ್ಲಮ್ಮ. ಯಾದಗಿರಿ ಕಡೆಯವಳು. ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಗಂಡ ಹೆಂಡತಿ ಇಬ್ಬರೂ ಇಟ್ಟಂಗಿ ಹೊರುತ್ತಾರೆ. ಮಗಳು ರೇಣುಕಾ ಮನೆ ಬಿಟ್ಟು ಓಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಹುಡುಕಿ ತರಬೇಕಾಗುತ್ತಿತ್ತು. ನನ್ನ ಮಾತು ಕೇಳಿದ್ದೇ ಮಲ್ಲಮ್ಮ ಪಕ್ಕಕ್ಕೆ ಬಂದಳು.

"ಕಲಬುರ್ಗಿಯವ್ರೇನ್ರಿ ಅಕ್ಕಾರ? ಕನ್ನಡ ಕೇಳಿ ಜೀವ ಬಂದಂಗಾತು. ಇಲ್ಲಿ ನಾ ಅಳೂದ್ನೂ ತೆಲುಗಿನ್ಯಾಗ ಅಳಾಕತ್ತೀನಿ."

ನಾನು ಆ ದಿನಗಳಲ್ಲಿ ನಕ್ಕದ್ದು ಅದೊಂದೇ ಸಲ.

ಸರಳಾ ಮೇಡಂ ನಮಗೆ ಕಲಿಸಿದ್ದು ಹೇಳಲು ಬಹಳ ಸುಲಭ. ಮಗು ಸಿಟ್ಟಿನಲ್ಲಿದ್ದಾಗ ಯಾಕೆ ಎಂದು ಕೇಳಬೇಡಿ. ಮಾತು ಕಡಿಮೆ ಮಾಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಚಿಕ್ಕ ಮಗುವನ್ನು ಮೊದಲು ಹೊರಗೆ ಕಳಿಸಿ. ಇವನ್ನು ಮಾಡಿ ತೋರಿಸಬೇಕಿತ್ತು. ಒಂದು ಸಂಜೆ ಮಲ್ಲಮ್ಮ ತಾಯಿಯಾದಳು, ನಾನು ಅಭಿಯಾಗಬೇಕಾಯಿತು.

ಎದ್ದು ನಿಂತೆ. ಅವನು ಹೇಗೆ ನಿಲ್ಲುತ್ತಾನೋ ಹಾಗೆ ನಿಂತು, ಮುಷ್ಟಿ ಬಿಗಿದು, "ಬೇಕಂತ ಮಾಡ್ತಿ ನೀ!" ಎಂದು ಕೂಗಿದೆ. ನನಗೇ ಗೊತ್ತಿಲ್ಲದೆ ಹೆದರಿದ್ದೆ. ಎದುರಿಗೆ ನಿಂತ ಹೆಂಗಸು ಎಲ್ಲಿ ನನ್ನನ್ನು ಬಿಟ್ಟು ಹೋಗುತ್ತಾಳೋ ಎಂಬ ಹೆದರಿಕೆ. ಮಲ್ಲಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಕಲಿಸಿದ್ದನ್ನು ಮರೆತು, ತನಗೆ ತಿಳಿದಂತೆ ಹೇಳಿದಳು: "ನಾ ಎಲ್ಲಿ ಹೋಗಲಿ ಮಗನ? ಇಲ್ಲೇ ಅದೀನಿ."

ನಾನು ಅಲ್ಲೇ ಕೂತುಬಿಟ್ಟೆ. ತಲೆ ಎತ್ತಿದಾಗ ಮೆಟ್ಟಿಲ ಮೇಲೆ ಮಾವನವರು ಬಾಗಿಲ ಕಡೆ ತಿರುಗಿ ಕೂತಿದ್ದು ಕಂಡಿತು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಕಣ್ಣು ಬಿದ್ದ ಕೂಡಲೇ ಮುಖ ಬೇರೆ ಕಡೆ ಮಾಡಿದರು.

ಹೊರಡುವ ದಿನ ಅಭಿಯನ್ನು ಕೆಳಗೆ ಕರೆತಂದರು. ಮುತ್ಯಾನ ಕಾಲು ಮುಟ್ಟಿದ, ಮಾತಾಡಲಿಲ್ಲ. ನನ್ನ ಹತ್ತಿರ ಬಂದು ನಿಂತ.

"ಶ್ರೇಯಾಂದು ಹೊಲಿಗಿ ಬಿಚ್ಚಿದ್ರೇನು ಮಮ್ಮಿ?"

"ಬಿಚ್ಚಿದ್ರಂತ. ಪಪ್ಪ ಫೋನ್ ಮಾಡಿದ್ರು."

"ಕಲಿ ಉಳೀತೈತೇನು?"

ಇಲ್ಲಪ್ಪ, ಕಲೆ ಮಾಸಿ ಹೋಗುತ್ತದೆ ಎಂದು ಬಾಯಿಯವರೆಗೆ ಬಂದಿತ್ತು. ತಾಯಿ ಎಂದಮೇಲೆ ಅದೇ ಬರುವುದು. ಸರಳಾ ಮೇಡಂ ಪಕ್ಕದಲ್ಲಿದ್ದರು, ಅವನ ಮುತ್ಯಾ ಹಿಂದೆ ನಿಂತಿದ್ದರು.

"ಸ್ವಲ್ಪ ಉಳೀತೈತಿ," ಎಂದೆ.

ಅವನು ತಲೆ ಆಡಿಸಿದ. ಗೊತ್ತಿದ್ದದ್ದನ್ನೇ ಕೇಳಿಸಿಕೊಂಡವನ ಹಾಗೆ. "ಆಕಿಗಿ ಹೇಳು, ನಾ ಕೇಳಿದ್ನಂತ," ಎಂದು ಮೆಟ್ಟಿಲು ಹತ್ತಿ ಹೋದ. ತಿರುವಿನಲ್ಲಿ ಒಮ್ಮೆ ನಿಂತ ಹಾಗಾಯಿತು. ತಿರುಗಲಿಲ್ಲ.

ದುಧನಿ

ಮರಳಿ ಬರುವಾಗ ಹಗಲಿನ ಗಾಡಿ. ಎದುರು ಬದರು ಕಿಟಕಿಯ ಸೀಟು ಸಿಕ್ಕಿತ್ತು. ಮಾವನವರು ಹೊರಗೆ ನೋಡುತ್ತ ಕೂತರು. ವಿಕಾರಾಬಾದಿನ ಗುಡ್ಡ ಬಂತು, ಹೋಯಿತು. ಚಹಾದವನು ಬಂದ. ಅವರು ಎರಡು ಕಪ್ ತೆಗೆದುಕೊಂಡು ಒಂದನ್ನು ನನ್ನ ಮುಂದೆ ಇಟ್ಟರು. ತಾಂಡೂರಿನಲ್ಲಿ ಕಲ್ಲಿನ ರಾಶಿಯತ್ತ ನೋಡಲೇ ಇಲ್ಲ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಕುತ್ತಿಗೆ ನೋಯುತ್ತಿತ್ತು. ಮಾವನವರ ಶಾಲು ನನ್ನ ಮೈಮೇಲಿತ್ತು. ಗಾಡಿ ನಿಂತಿತ್ತು. ಹೊರಗಿನ ಬೋರ್ಡಿನ ಮೇಲಿನ ಅಕ್ಷರಗಳು ದೇವನಾಗರಿಯಲ್ಲಿದ್ದವು.

"ಇದು ಯಾವ ಊರ್ರಿ ಮಾಮಾ?"

"ದುಧನಿ. ಇಳಿ ಲಗೂನ."

ಚೀಲ ಎತ್ತಿಕೊಂಡು ಇಳಿದೆವು. ಕಲಬುರಗಿ ದಾಟಿ, ಗಾಣಗಾಪುರ ದಾಟಿ, ಮಹಾರಾಷ್ಟ್ರಕ್ಕೆ ಬಂದಿದ್ದೆವು. ಗಾಡಿ ಸೊಲ್ಲಾಪುರದ ಕಡೆ ಹೊರಟು ಹೋಯಿತು. ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ.

"ನಿಮಗೂ ನಿದ್ದಿ ಹತ್ತಿತ್ತೇನ್ರಿ?"

"ಇಲ್ಲ."

"ಮತ್ತ? ಕಲಬುರ್ಗಿ ಬಂದದ್ದು ನೋಡ್ಲಿಲ್ಲೇನು?"

ಅವರು ಬೆಂಚಿನ ಧೂಳನ್ನು ಟೊಪ್ಪಿಗೆಯಿಂದ ಬಡಿದು ಕೂತರು. ನನಗೂ ಕೂರಲು ಕೈ ಮಾಡಿದರು.

"ನೋಡಿದ್ನವಾ. ಗಾಡಿ ಭಾಳ ಹೊತ್ತ ನಿಂತಿತ್ತು. ನೀ ಬಾಯಿ ತಕ್ಕೊಂಡು ಕೂಸಿನಂಗ ಮಲಗಿದ್ದಿ. ಎಬ್ಬಸಾಕ ಕೈ ಮುಂದ ಮಾಡಿದ್ದೆ, ಆಗಲಿಲ್ಲ." ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡು ಮತ್ತೆ ಹೇಳಿದರು: "ಎರಡು ವರ್ಷದಿಂದ ರಾತ್ರಿ ನೀ ಅಡ್ಡಾಡೂ ಸಪ್ಪಳ ಕೇಳಾಕತ್ತೀನಿ. ಚಾಕು ಎತ್ತಿಡತಿದ್ದಿ, ಚಿಲಕ ನೋಡತಿದ್ದಿ. ನಾ ಒಳಗ ಮಕ್ಕೊಂಡ ಕೇಳತಿದ್ದೆ. ಎದ್ದು ಬರಲಿಲ್ಲ. ಬಂದ್ರ ಅದು ಖರೆ ಆಗಿಬಿಡತೈತಿ ಅಂತ."

ನನಗೆ ಅಳು ಬಂದದ್ದು ಆ ಮಾತಿಗಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಹೀಗೆ ಮೈಮರೆತು ಮಲಗಿದ್ದೆ. ಅದು ಮಗನನ್ನು ಬಿಟ್ಟು ಬಂದ ದಿನ. ಅವನು ಹತ್ತಿರ ಇಲ್ಲವೆಂದೇ ನಿದ್ದೆ ಬಂದಿತ್ತು. ಅದನ್ನು ನನ್ನ ಮೈ ನನಗಿಂತ ಮೊದಲೇ ಒಪ್ಪಿಕೊಂಡಿತ್ತು. ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಮಾವನವರು ಬೇಡ ಎನ್ನಲಿಲ್ಲ. ಅವರ ಕಣ್ಣಿಂದಲೂ ನೀರು ಇಳಿದು ಬಿಳಿ ಗಡ್ಡದಲ್ಲಿ ನಿಂತಿತ್ತು.

ಸ್ಟೇಷನ್ ಮಾಸ್ತರನ್ನು ಕೇಳಿಕೊಂಡು ಬಂದರು. ಕಲಬುರಗಿಯ ಕಡೆಗೆ ಗಾಡಿ ಬರುವುದು ತಡವಿತ್ತು. ನನ್ನ ಗಂಡನಿಗೆ ಫೋನ್ ಮಾಡಿ, "ದುಧನಿಯಾಗ ಅದೀವಿ. ಯಾಕ ಅಂತ ಮನಿಗಿ ಬಂದು ಹೇಳ್ತೀನಿ," ಎಂದರು. ಆಮೇಲೆ ಚೀಲವನ್ನು ಬೆಂಚಿನ ತುದಿಗೆ ಇಟ್ಟು, ಮೇಲೆ ಶಾಲು ಮಡಿಸಿ ಹಾಕಿ ದಿಂಬು ಮಾಡಿದರು.

"ಇನ್ನೊಂದ ಸ್ವಲ್ಪ ಮಲಗವಾ. ಈ ಸಲ ಎಬ್ಬಸ್ತೀನಿ."

ನಿದ್ದೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಒರಗಿ ಕಣ್ಣು ಮುಚ್ಚಿದೆ. ಅವರು ಪಕ್ಕದಲ್ಲಿ ಕೂತು ಹಳಿಯ ಕಡೆ ನೋಡುತ್ತ ಕಾದರು.